ಹೆಣ್ಣು ನೋಡಲು ಬಂದ ಗಾಡಿಯ ಐದು ನಟ್ಟುಗಳು

ಹೆಣ್ಣು ನೋಡುವ ಶಾಸ್ತ್ರದಲ್ಲಿ ಹೆಣ್ಣಿಗೆ ನೋಡಲು ಸಿಗುವುದು ಹೆಚ್ಚೆಂದರೆ ಗಂಡಿನ ಕಾಲಿನ ಹೆಬ್ಬೆರಳು. ಕಾಫಿ ತಟ್ಟೆ ಹಿಡಿದು ಬರಬೇಕು, ತಲೆ ಬಗ್ಗಿಸಿರಬೇಕು, ತುಳುಕಿಸಬಾರದು, ಚಾಪೆಯ ತುದಿಯಲ್ಲಿ ಕೂರಬೇಕು, ಮತ್ತೆ ಎದ್ದು ಒಳಗೆ ಹೋಗಬೇಕು. ಅಷ್ಟು ಹೊತ್ತಿನಲ್ಲಿ ಆ ಹೆಬ್ಬೆರಳಿನ ಉಗುರು ಕತ್ತರಿಸಿದೆಯೋ ಇಲ್ಲವೋ ಎಂದು ತಿಳಿಯಬಹುದು. ಆಮೇಲೆ ಅದೇ ಹೆಬ್ಬೆರಳಿನ ಜೊತೆ ಜೀವಮಾನ ಕಳೆಯಬೇಕು! ಈ ಅನ್ಯಾಯದ ಬಗ್ಗೆ ಮಡಕಶಿರಾ ಬಸ್ ಸ್ಟ್ಯಾಂಡಿನಲ್ಲಿ ನಿಂತು ಮೈಕಿಲ್ಲದೆ ಭಾಷಣ ಮಾಡುವಷ್ಟು ಸಿಟ್ಟು ನನಗಿತ್ತು. ದೇವರ ಕಿವಿಗೆ ಬಿದ್ದಿರಬೇಕು. ನನ್ನನ್ನು ನೋಡಲು ರಾಯದುರ್ಗದಿಂದ ಹೊರಟವರ ಗಾಡಿಯನ್ನು ತಂದು ನಮ್ಮದೇ ತೋಟದ ಪಕ್ಕದಲ್ಲಿ ಪಂಕ್ಚರ್ ಮಾಡಿಸಿದ.

ಗಂಡಿನ ಬಗ್ಗೆ ನನಗೆ ತಿಳಿಯಬೇಕಾಗಿದ್ದು ಬಹಳವೇನೂ ಇರಲಿಲ್ಲ. ಮನೆ, ಮೀಸೆ, ದುಡಿಮೆ ಎಲ್ಲವನ್ನೂ ಅಮ್ಮ ಮೊದಲೇ ವಿಚಾರಿಸಿರುತ್ತಿದ್ದಳು. ನನಗೆ ಬೇಕಾಗಿದ್ದು ಒಂದೇ. ಯಾವುದಾದರೂ ವಸ್ತು ತನ್ನ ಮಾತು ಕೇಳದಿದ್ದಾಗ ಈ ಮನುಷ್ಯ ಏನು ಮಾಡುತ್ತಾನೆ? ಯಾಕೆಂದರೆ ನಮ್ಮಪ್ಪ ಒದೆಯುತ್ತಿದ್ದ. ತೊಟ್ಟಿಯ ಮೋಟಾರ್ ಸ್ಟಾರ್ಟ್ ಆಗದಿದ್ದರೆ ಮೋಟಾರಿಗೆ, ಬಾಗಿಲು ಬಿಗಿಯಾಗಿದ್ದರೆ ಬಾಗಿಲಿಗೆ, ಕಾಲಿಗೆ ಅಡ್ಡ ಸಿಕ್ಕರೆ ಚೊಂಬಿಗೆ. ಮನುಷ್ಯರ ಮೇಲೆ ಯಾವತ್ತೂ ಕೈಕಾಲು ಎತ್ತಿದವನಲ್ಲ, ಒಳ್ಳೆಯವನೇ. ಆದರೆ ಚೊಂಬು ಹಾರಿದಾಗಲೆಲ್ಲ ಒಲೆಯ ಮುಂದೆ ಕೂತಿದ್ದ ಅಮ್ಮನ ಭುಜ ಎರಡೂ ಕಿವಿಯ ತನಕ ಬಂದುಬಿಡುತ್ತಿದ್ದವು. ಆ ಭುಜಗಳನ್ನು ನೋಡುತ್ತ ಬೆಳೆದವಳು ನಾನು. ನನಗೆ ಅಂಥ ಭುಜ ಬೇಡವಾಗಿತ್ತು, ಅಷ್ಟೇ.

ಇದನ್ನು ಯಾರ ಮುಂದೆ ಹೇಳುವುದು? "ಹುಡುಗ ಮೋಟಾರಿಗೆ ಒದೀತಾನಾ ಕೇಳಮ್ಮ" ಅಂದರೆ ಅಮ್ಮ ನನ್ನನ್ನು ಮಂತ್ರ ಹಾಕಿಸಲು ಕರೆದೊಯ್ಯುತ್ತಿದ್ದಳು. ಅಪ್ಪನೇನೋ ದೊಡ್ಡ ಮನಸ್ಸು ಮಾಡಿ, "ನೋಡವ್ವ, ಬಲವಂತ ಇಲ್ಲ, ಊ ಅನ್ನೋದೂ ಊಹೂಂ ಅನ್ನೋದೂ ನಿಂದೇ. ಆದ್ರೆ ಅವರು ಎದ್ದು ಓಗೋದ್ರೊಳಗೆ ಯೋಳ್ಬೇಕು" ಎಂದಿದ್ದ. ಹೆಬ್ಬೆರಳು ನೋಡಿ ಏನು ಹೇಳಲಿ?

ಅವತ್ತು ಭಾನುವಾರ. ಮನೆಯಲ್ಲಿ ರೇಷ್ಮೆ ಹುಳ ನಾಲ್ಕನೇ ಜ್ವರ ಎದ್ದಿದ್ದವು. ಹುಳ ಸಾಕುವ ನಮ್ಮಲ್ಲಿ ಅವು ಪೊರೆ ಬಿಡುವ ಹೊತ್ತಿಗೆ ಜ್ವರ ಅನ್ನುತ್ತಾರೆ. ನಾಲ್ಕನೇ ಜ್ವರ ಎದ್ದ ಮೇಲೆ ಅವಕ್ಕೆ ಹಗಲು ರಾತ್ರಿ ತಿನ್ನುವುದೊಂದೇ ಕೆಲಸ. ಮನೆಯಲ್ಲಿ ಮದುವೆಯಾಗಲಿ, ಸಾವಾಗಲಿ, ಸೊಪ್ಪು ಮಾತ್ರ ಹೊತ್ತಿಗೆ ಸರಿಯಾಗಿ ಬೀಳಬೇಕು. ಹಾಗಾಗಿ ಗಂಡಿನ ಕಡೆಯವರು ಬರುವ ದಿನವೂ ನಾನು ಊಟ ಮುಗಿಸಿ ಕುಡುಗೋಲು ಹಿಡಿದು ಹಿಪ್ಪುನೇರಳೆ ತೋಟಕ್ಕೆ ಬಂದಿದ್ದೆ. ಮೈಮೇಲೆ ಹಳೇ ಲಂಗ, ಅದರ ಮೇಲೆ ಅಪ್ಪನ ತೂತು ಬಿದ್ದ ಅಂಗಿ, ತಲೆಗೂ ಮುಖಕ್ಕೂ ಸುತ್ತಿದ ಟವೆಲ್. ಹುಡುಗನ ಕಡೆಗೆ ಕಳಿಸಿದ್ದ ಫೋಟೋದಲ್ಲಿ ಸ್ಟುಡಿಯೋದವನು ನನ್ನನ್ನು ಸುಣ್ಣ ಬಳಿದಂತೆ ಬೆಳ್ಳಗೆ ಮಾಡಿದ್ದ. ಆ ಫೋಟೋ ಪಕ್ಕದಲ್ಲಿಟ್ಟರೂ ಯಾರೂ ಗುರುತು ಹಿಡಿಯುತ್ತಿರಲಿಲ್ಲ.

ಸೊಪ್ಪಿನ ಹೊರೆ ಕಟ್ಟಲು ತಂದಿದ್ದ ಹಳೇ ಹೊದಿಕೆ, ನಮ್ಮ ದುಪ್ಟಿಯ ಮೇಲೆ ಸೊಪ್ಪು ಹರಡುತ್ತಿದ್ದಾಗ ದಾರಿಯಲ್ಲಿ ಟುಸ್ಸೆಂದು ಸದ್ದಾಯಿತು. ನಾಲ್ಕು ಗಾಲಿಯ ಸಣ್ಣ ಗೂಡ್ಸ್ ಗಾಡಿಯೊಂದು ಒಂದು ಕಡೆಗೆ ವಾಲಿ ನಿಂತಿತು. ಹಿಂದೆ ಜಮಖಾನ ಹಾಸಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದವರು ಇಳಿದರು. ಮುಂದಿನಿಂದ ಗಾಡಿ ಓಡಿಸುತ್ತಿದ್ದ ದಪ್ಪ ಮೀಸೆಯ ಮನುಷ್ಯ ಇಳಿದು, ಗಾಲಿ ನೋಡಿ, "ಬಳ್ಳಾರಿ ಜಾಲಿ ಮುಳ್ಳು ನೋಡ್ರಿ! ನಮ್ಮ ಕಡೀ ಮುಳ್ಳು ಇಲ್ಲಿ ಬಂದು ನಮಗ ಚುಚ್ಚೈತಿ" ಎಂದ.

ಆ 'ನೋಡ್ರಿ' ಕೇಳಿದ್ದೇ ತಡ, ನಾನು ಹಿಪ್ಪುನೇರಳೆ ಸಾಲಿನೊಳಗೆ ಕುಕ್ಕರಿಸಿದೆ. ನಮ್ಮ ಕಡೆ ಹಾಗೆ ಮಾತಾಡುವವರಿಲ್ಲ. ಇಸ್ತ್ರಿ ಬಟ್ಟೆ, ಹೂವಿನ ಪೊಟ್ಟಣ, ಹಣ್ಣಿನ ಬುಟ್ಟಿ ಎಲ್ಲ ನೋಡಿದ ಮೇಲೆ ಅನುಮಾನವೇ ಉಳಿಯಲಿಲ್ಲ. ನಾಲ್ಕೇ ಜನ. ಮೀಸೆಯವನು ಹುಡುಗನ ಸೋದರಮಾವ. ಕೊರಳಲ್ಲಿ ಅಳತೆ ಟೇಪು ಇಲ್ಲದಿದ್ದರೂ ಇದ್ದವರ ಹಾಗೆ ಕತ್ತು ಬಗ್ಗಿಸಿಕೊಂಡಿದ್ದ ಸಣಕಲು ಮನುಷ್ಯ ಅಪ್ಪ. ದಪ್ಪಗೆ, ದುಂಡಗೆ, ಗಾಡಿಯಿಂದ ಇಳಿಯುವಾಗಲೇ ನಗುತ್ತಿದ್ದಾಕೆ ಅವ್ವ. ಇನ್ನೊಬ್ಬ, ಬಿಳೀ ಪ್ಯಾಂಟು ಹಾಕಿಕೊಂಡವನು, ನನ್ನ ಹೆಬ್ಬೆರಳು. ಅವನು ತಲೆಯಿಂದ ಕಾಲ ತನಕ ಅಡ್ಡಿಯಿಲ್ಲದೆ ಕಾಣುತ್ತಿದ್ದ. ನನಗೆ ಕುಣಿಯುವ ಹಾಗಾಯಿತು.

ಮಾವ ಬಂದವನೇ ಜಾಕು ಹಾಕಿ ಗಾಡಿ ಎತ್ತಿದ. ಆಮೇಲೆ ಪಾನಾ ಹಾಕಿ ನಟ್ಟು ತಿರುಗಿಸಿದ. ನಟ್ಟು ತಿರುಗಲಿಲ್ಲ, ಗಾಲಿ ತಿರುಗಿತು. ಇನ್ನೂ ಜೋರಾಗಿ ತಿರುಗಿಸಿದ, ಗಾಲಿಯೂ ಇನ್ನೂ ಜೋರಾಗಿ ತಿರುಗಿತು. ಅಪ್ಪ ಬಂದು ಗಾಲಿಯನ್ನು ಅಪ್ಪಿಕೊಂಡ. ಈಗ ಗಾಲಿಯ ಜೊತೆಗೆ ಅಪ್ಪನೂ ಅರ್ಧ ಸುತ್ತು ತಿರುಗಿದ. ಸಾಲಿನೊಳಗೆ ಕೂತು ನಾನು ಟವೆಲನ್ನು ಬಾಯಿಗೆ ತುರುಕಿಕೊಂಡೆ.

"ಮಾವ, ಇಳಸ್ರಿ ಮೊದ್ಲು. ನೆಲದ ಮ್ಯಾಲಿದ್ರ ಗಾಲಿ ಸುಮ್ಮನಿರ್ತೈತಿ" ಎಂದ ಹುಡುಗ. ಜಾಕು ಇಳಿಸಿದರು. ಪಾನಾ ಅವನ ಕೈಗೆ ಬಂತು. ಬಿಳೀ ಪ್ಯಾಂಟಿನ ಮಂಡಿ ಮಣ್ಣಿಗೆ ಊರಿ ಕೂತ. ಒಂದು ನಟ್ಟಿಗೆ ಪಾನಾ ಹಾಕಿ ಒತ್ತಿದ. ಅಲ್ಲಾಡಲಿಲ್ಲ. ಎರಡನೆಯದಕ್ಕೆ ಹಾಕಿದ. ಅದೂ ಇಲ್ಲ. ಐದಕ್ಕೂ ಹಾಕಿ ನೋಡಿದ. ಮುಖ ಕೆಂಪಾಯಿತು. ಈಗ ಬರುತ್ತದೆ ಸಿಟ್ಟು ಎಂದು ನಾನು ಕಣ್ಣು ಮಿಟುಕಿಸದೆ ಕಾದೆ. ಅವನು ಹಣೆ ಒರೆಸಿಕೊಂಡು, ನಟ್ಟಿನ ಹತ್ತಿರ ಬಾಯಿ ಒಯ್ದು, ಮನೆಗೆ ಬಂದ ದೊಡ್ಡವರನ್ನು ಕರೆಯುವ ದನಿಯಲ್ಲಿ ಹೇಳಿದ:

"ಬರ್ರಿ... ಹೊರಗ ಬರ್ರಿ... ಹೊತ್ತಾತು ನಮಗ."

ನಟ್ಟಿಗೆ 'ರಿ'! ನಾವು ಊರಿನ ಯಜಮಾನರಿಗೂ ಅಷ್ಟು ಮರ್ಯಾದೆ ಕೊಡುವವರಲ್ಲ. ಟವೆಲ್ ಬಾಯಿಂದ ಜಾರಿತು, ನಗು ಹೊರಗೆ ಚಿಮ್ಮಿತು. ನಾಲ್ಕು ಜನವೂ ತಿರುಗಿ ನೋಡಿದರು. ಬಚ್ಚಿಟ್ಟುಕೊಂಡು ಪ್ರಯೋಜನವಿಲ್ಲವೆಂದು ಕುಡುಗೋಲು ಹಿಡಿದು ಎದ್ದು ಬಂದೆ.

"ನಗಬ್ಯಾಡ್ರಿ. ಕೇಳಿಸ್ಕೊಂಡ್ರ ಇನ್ನೂ ಬಿಗೀತಾವು" ಎಂದ ಹುಡುಗ. ಅವನೂ ನಗುತ್ತಿದ್ದ.

ನಾನು ಯಾರೆಂದು ಅವರು ಕೇಳಲೇ ಇಲ್ಲ. ಸೊಪ್ಪು ಕೊಯ್ಯುವ ಕೂಲಿ ಹುಡುಗಿ ಎಂದುಕೊಂಡರು. ಅವನ ಅವ್ವ ಬದುವಿನ ಮೇಲೆ ಕೂತು, ಪಕ್ಕದಲ್ಲಿ ಜಾಗ ಮಾಡಿ, ನನಗೊಂದು ಬಾಳೆಹಣ್ಣು ಕೊಟ್ಟು, "ಬಾ ಯವ್ವ, ಕುಂದ್ರು. ಈ ತ್ವಾಟದ ಮನಿಯಾಗ ಒಬ್ಬಾಕಿ ಹುಡುಗಿ ಅದಾಳಂತಲ್ಲ, ಹೆಂಗದಾಳ?" ಎಂದರು.

ಇಂಥ ಪ್ರಶ್ನೆಗೆ ಉತ್ತರ ಕೊಡುವ ಭಾಗ್ಯ ಯಾವ ಹುಡುಗಿಗೆ ಸಿಗುತ್ತದೆ ಹೇಳಿ! ಬಾಳೆಹಣ್ಣು ಸುಲಿಯುತ್ತ ಯೋಚನೆ ಮಾಡಿದೆ. "ಪರವಾಗಿಲ್ಲ ಕಣಮ್ಮ. ಕೆಲಸಗಾತಿ. ಬಾಯಿ ಮಾತ್ರ ಜೋರು" ಎಂದೆ.

"ಬಾಯಿ ಜೋರಿದ್ರ ಛಲೋನ ಆತು. ನಮ್ಮ ಮನಿಯಾಗ ಹೊಲಿಗಿ ಮಿಷನ್ ಸದ್ದಿನಾಗ ಸಣ್ಣ ದನಿ ಯಾರಿಗೂ ಕೇಳಂಗಿಲ್ಲ. ಅಡಿಗಿ?"

"ಮುದ್ದೆ ಚೆನ್ನಾಗಿ ಕಟ್ತಾಳೆ. ಚಪಾತಿ ನೋಡಿದ್ರೆ ನೀವು ಅಳ್ತೀರಿ."

ಗಾಲಿಯ ಹತ್ತಿರ ಕೂತಿದ್ದ ಹುಡುಗ ಪಾನಾ ಬಿಟ್ಟು ಕಿವಿ ಇತ್ತ ಇಟ್ಟಿದ್ದ. "ಸಿಟ್ಟು ಹೆಂಗ್ರಿ?" ಎಂದ ಅಲ್ಲಿಂದಲೇ. ನಾನು ಕೇಳಬೇಕಿದ್ದ ಪ್ರಶ್ನೆಯನ್ನು ಅವನೇ ಕೇಳಿಬಿಟ್ಟ! ಅಷ್ಟರಲ್ಲಿ ನನ್ನ ಫೋನ್ ಬಡಿದುಕೊಂಡಿತು. ಅಮ್ಮ. ತೋಟದ ಆ ಕಡೆಗೆ ಓಡಿದೆ.

"ಎಲ್ಲಿ ಸಾಯ್ತಾ ಇದ್ದೀಯೇ? ರಾಯದುರ್ಗದೋರು ಬರೋ ಒತ್ತಾಯ್ತು, ತಲೆಗೆ ನೀರಾಕ್ಕೊಳಲ್ವಾ?"

"ಬಂದೆ ಕಣಮ್ಮ. ಅವರು ಲೇಟಾಗಿ ಬತ್ತಾರೆ ಬಿಡು."

"ನಿಂಗೆಂಗೊತ್ತು?"

"ದೂರ ಅಲ್ವಾ" ಎಂದು ಕಟ್ ಮಾಡಿದೆ.

ತಿರುಗಿ ಬರುವಷ್ಟರಲ್ಲಿ ಅಲ್ಲಿ ವಿಚಾರಣೆ ನಡೆಯುತ್ತಿತ್ತು. ಮಾವ ಸೊಂಟಕ್ಕೆ ಕೈಕೊಟ್ಟು ನಿಂತಿದ್ದ. "ಇದು ತುಕ್ಕು ಅಲ್ಲ. ಯಾರೋ ಬಿಗಿದಾರ. ಯಾರು ಬಿಗಿದವ್ರು ಹೇಳ್ರಿ ಮೊದ್ಲು!"

ಮೊದಲು ಹುಡುಗನ ಅಪ್ಪ ತಪ್ಪೊಪ್ಪಿಕೊಂಡ. ರಾತ್ರಿ ಗಾಡಿಗೆ ನಿಂಬೆಹಣ್ಣು ಕಟ್ಟುವಾಗ, ಇರಲಿ, ದೂರದ ದಾರಿ ಎಂದು ಎಲ್ಲಕ್ಕೂ ಒಂದೊಂದು ಸುತ್ತು ಕೊಟ್ಟಿದ್ದ. ಅವ್ವ ಬದುವಿನ ಮೇಲಿಂದಲೇ ಕೈ ಎತ್ತಿದರು. ಬೆಳಿಗ್ಗೆ ನೀರು ಚಿಮುಕಿಸಲು ಬಂದವರು, ಮಗನ ಶುಭಕಾರ್ಯದ ದಾರಿ ಎಂದು ಪಾನಾ ಹಾಕಿ ಅದರ ಮೇಲೆ ಹತ್ತಿ ನಿಂತಿದ್ದರಂತೆ. ಹುಡುಗ ತಲೆ ಕೆರೆದುಕೊಂಡು ತಾನೂ ಹೊರಡುವ ಮುಂಚೆ ಒಂದು ಪಟ್ಟು ಹಾಕಿದ್ದೆನೆಂದ. ಕೊನೆಗೆ ಎಲ್ಲರೂ ಮಾವನ ಮುಖ ನೋಡಿದರು. ಮಾವ ಕೆಮ್ಮಿ, "ನಾನು ಡ್ರೈವರು. ನಾನು ಬಿಗೀಲಿಲ್ಲಂದ್ರ ಹೆಂಗ?" ಎಂದ.

ಅವರು ಜೀನ್ಸ್ ಹೊಲಿಯುವ ಮನೆತನ. ಹೊಲಿಗೆಯ ತುದಿಗೆ ಬಂದಾಗ ಮಿಷನ್ನನ್ನು ಹಿಂದೆ ಮುಂದೆ ಓಡಿಸಿ ಅದೇ ಜಾಗದಲ್ಲಿ ಮೇಲಿಂದ ಮೇಲೆ ಹೊಲಿದು ಲಾಕ್ ಮಾಡುತ್ತಾರೆ, ಬಿಚ್ಚದಿರಲಿ ಎಂದು. ಆ ಮನೆಯಲ್ಲಿ ಹಾಲಿನ ಪಾತ್ರೆಯ ಮುಚ್ಚಳವನ್ನೂ ಹಾಗೆ ಮುಚ್ಚುತ್ತಾರೆ, ಉಪ್ಪಿನಕಾಯಿ ಜಾಡಿಯನ್ನೂ ಹಾಗೇ. ಒಬ್ಬರು ಭದ್ರ ಮಾಡಿದ್ದನ್ನು ಇನ್ನೊಬ್ಬರು ನಂಬುವುದಿಲ್ಲ. ಈಗ ಆ ಮನೆಯ ಉಪ್ಪಿನಕಾಯಿ ತೆಗೆಯಬೇಕಾದರೆ ನಾನು ಮೂರು ಮುಚ್ಚಳ, ಎರಡು ಬಟ್ಟೆ ಬಿಚ್ಚಬೇಕು. ಅವತ್ತು ಐದು ನಟ್ಟುಗಳ ಮೇಲೆ ನಾಲ್ಕು ಜನರ ಪ್ರೀತಿ ಕೂತಿತ್ತು.

ಮಡಕಶಿರಾದ ಮೆಕ್ಯಾನಿಕ್ಕಿಗೆ ಫೋನ್ ಮಾಡಿದರು. "ಬಂದೆ, ದಾರೀಲಿದೀನಿ" ಅಂದ. ಹಿಂದೆ ಟಿವಿಯ ಸದ್ದು ಸ್ಪಷ್ಟವಾಗಿ ಕೇಳುತ್ತಿತ್ತು.

ಮಾವನಿಗೆ ರೇಗಿತು. "ರಾಹುಕಾಲ ಬರೋದ್ರೊಳಗ ಅವರ ಹೊಸ್ತಿಲ ದಾಟಬೇಕು, ಗಂಡಿನ ಕಡ್ಯಾರು ನಡಕೊಂತ ಹೋಗಾಕೂ ಬರಂಗಿಲ್ಲ. ಇಲ್ಲಂದ್ರ ಇವತ್ತು ಬ್ಯಾಡ. ಗಾಡಿ ನಿಂತಾಗನ ಅಪಶಕುನ ಆತು. ವಾಪಸ್ ಹೋಗಾನ ನಡೀರಿ." ಬೆಳಿಗ್ಗೆ ಇವರು ಬರದಿದ್ದರೆ ಸಾಕು ಎಂದುಕೊಂಡಿದ್ದವಳು, ಈಗ ಹೋದರೆ ಏನು ಗತಿ ಎಂದು ನನಗೇ ನಾಚಿಕೆಯಾಗುವಷ್ಟು ಗಾಬರಿಗೊಂಡೆ. ಮಾವ ಮತ್ತೊಮ್ಮೆ ಪಾನಾ ಹಾಕಿದ, ಜಾರಿತು, ಬೈಗುಳ ಕನ್ನಡ ದಾಟಿ ತೆಲುಗಿಗೆ ಹೋಯಿತು. ಆಂಧ್ರದ ಗಡಿಯೊಳಗಿನ ನಮ್ಮ ಕಡೆ ಸಿಟ್ಟು ನೆತ್ತಿಗೇರಿತು ಅನ್ನುವುದಕ್ಕೆ ಅದೇ ಗುರುತು. ಆಮೇಲೆ ಕಾಲೆತ್ತಿ ಟೈರಿಗೆ ಜಾಡಿಸಿ ಒದ್ದ.

ನನ್ನ ಭುಜ ತಾನಾಗಿಯೇ ಮೇಲೆ ಹೋಯಿತು. ಅಮ್ಮನದು ಹೋಗುವ ಹಾಗೆಯೇ.

ಮಾವ ಒಂಟಿ ಕಾಲಲ್ಲಿ ಕುಣಿಯುತ್ತಿದ್ದ, ಚಪ್ಪಲಿಯ ಪಟ್ಟಿ ಕಿತ್ತು ನೇತಾಡುತ್ತಿತ್ತು. ಹುಡುಗ ನಗಲಿಲ್ಲ, ಬೈಯಲಿಲ್ಲ. ಅವನನ್ನು ತಬ್ಬಿ ಹಿಡಿದು ಕುರ್ಚಿಯ ಮೇಲೆ ಕೂರಿಸಿ, ಚಪ್ಪಲಿ ಬಿಚ್ಚಿ, ಕಾಲಿಗೆ ನೀರು ಸುರಿದ. "ಅದಕ್ಕ ಬಾಯಿಲ್ಲ ಮಾವ. ನೀವು ಒದ್ರ ಅದಕ್ಕೇನಾತು, ನೋವು ನಿಮಗಾತು. ಕುಂದರ್ರಿ, ನಿಧಾನಕ್ಕ ನೋಡಾನ. ಬಿಗಿದವ್ರು ನಾವ, ಬಿಚ್ಚೋರೂ ನಾವ" ಎಂದ. ಭುಜ ಇಳಿಯಿತು. ಹೆಬ್ಬೆರಳು ನೋಡಲು ಬಂದವಳಿಗೆ ಇಷ್ಟು ಸಿಕ್ಕಿತು ನೋಡಿ. ಅದೂ ಇನ್ನೊಬ್ಬರ ಹೆಬ್ಬೆರಳನ್ನು ಅವನು ತೊಳೆಯುವಾಗ.

ಆಮೇಲೆ ನಾನು ಸುಮ್ಮನಿರಲಿಲ್ಲ. ಈ ಗಾಡಿ ನಮ್ಮ ಮನೆ ಮುಟ್ಟಲೇಬೇಕು!

ನಟ್ಟುಗಳಿಗೆ ಡೀಸೆಲ್ ಬಿಟ್ಟು ನೆನೆಸೋಣ ಎಂದ ಹುಡುಗ. ನಾನು ಸೊಪ್ಪನ್ನೆಲ್ಲ ದೂರಕ್ಕೆ ಒಯ್ದು ಇಟ್ಟೆ. ಆ ವಾಸನೆ ತಾಗಿದ ಸೊಪ್ಪು ತಿಂದರೆ ಹುಳ ಉಳಿಯುವುದಿಲ್ಲ. ಸೊಪ್ಪು ಉಳಿಯಿತು, ಆದರೆ ಅವಸರದಲ್ಲಿ ದುಪ್ಟಿ ಅಲ್ಲೇ ಉಳಿದು ಡೀಸೆಲ್ ಬಿದ್ದು ಕೆಟ್ಟಿತು. ಡೀಸೆಲ್ ಇಳಿಯುವವರೆಗೆ ಕಾದು, ಪಾನಾದ ಹಿಂಬದಿಯಿಂದ ಟಕಟಕ ತಟ್ಟಿದರು. ಪಾನಾದ ಹಿಡಿ ಗಿಡ್ಡ, ಉದ್ದ ಮಾಡಿದರೆ ಬಲ ಬರುತ್ತದೆ ಎಂದ ಹುಡುಗನ ಅಪ್ಪ. ತೋಟದಲ್ಲಿ ಬಿದ್ದಿದ್ದ ಪ್ಲಾಸ್ಟಿಕ್ ಪೈಪಿನ ತುಂಡು ತಂದುಕೊಟ್ಟೆ. ಪಾನಾಕ್ಕೆ ಸಿಕ್ಕಿಸಿ ಒತ್ತಿದ್ದೇ ಪೈಪು ಪಟ್ಟೆಂದು ಸಿಡಿದು ಅಪ್ಪ ಹಣ್ಣಿನ ಬುಟ್ಟಿಯ ಮೇಲೆ ಕೂತುಬಿಟ್ಟ. ನನಗೆ ಕೊಡಲೆಂದು ತಂದಿದ್ದ ಮೋಸಂಬಿಗಳು ಬದುವಿನಗುಂಟ ಉರುಳಿಹೋದವು. ನಾನೇ ಹೋಗಿ ಆರಿಸಿ ತಂದೆ. ನನ್ನ ಮೋಸಂಬಿ ತಾನೇ!

ಆಮೇಲೆ ಬೋರಿನಿಂದ ಎತ್ತಿಹಾಕಿದ್ದ ಹಳೇ ಕಬ್ಬಿಣದ ಪೈಪು ನೆನಪಾಯಿತು. ಹುಡುಗನೂ ನಾನೂ ಎರಡು ತುದಿ ಹಿಡಿದು ತಂದೆವು. ಅದು ಪಾನಾಕ್ಕೆ ಸರಿಯಾಗಿ ಕೂತಿತು. ಹುಡುಗ ಪೈಪಿನ ತುದಿಗೆ ಹೋಗಿ, ಕಾಲು ಅಗಲಿಸಿ, "ಬರ್ರಿ" ಎಂದು ಮೈಯೆಲ್ಲ ಬಿಟ್ಟು ಒತ್ತಿದ. ಕೀಂಚ್! ಮೊದಲನೇ ನಟ್ಟು ಅಲ್ಲಾಡಿತು. ಅವ್ವ ಎದ್ದು ಚಪ್ಪಾಳೆ ತಟ್ಟಿದರು. ಎರಡನೆಯದೂ ಬಂತು. ಮೂರನೆಯದಕ್ಕೆ ಇನ್ನೂ ಬಗ್ಗಿ ಒತ್ತಿದ. ಪರ್ರ್ ಎಂದಿತು. ನಟ್ಟು ಬಂತೆಂದು ನಾನು ಕೇಕೆ ಹಾಕಿದೆ. ಬಂದದ್ದು ನಟ್ಟಲ್ಲ. ಹುಡುಗ ಎರಡೂ ಕೈ ಹಿಂದಕ್ಕೆ ಒಯ್ದು ಗಾಡಿಗೆ ಬೆನ್ನು ಹಚ್ಚಿ ನಿಂತ. ಬಿಳೀ ಪ್ಯಾಂಟು ಸೊಂಟದಿಂದ ಕೆಳಗೆ ಎರಡು ಭಾಗವಾಗಿತ್ತು.

"ಯಾರು ಹೊಲಿದದ್ದು?" ಎಂದೆ ನಾನು, ತಡೆಯಲಾಗದೆ.

"ನಾನ" ಎಂದ ಹುಡುಗ. "ರಾತ್ರಿ ಅವಸರಕ್ಕ ಹೊಲಿದೆ. ಲಾಕ್ ಹಾಕೋದು ಮರ್ತೆ."

ಅವನ ಅಪ್ಪ ಅವತ್ತು ಮೊದಲ ಸಲ ಬಾಯಿ ತುಂಬ ಮಾತಾಡಿದ. "ನಾಲ್ಕು ಮಂದಿ ಸೇರಿ ನಟ್ಟಿಗೆ ಲಾಕ್ ಹಾಕ್ತೀವಿ, ಪ್ಯಾಂಟಿಗೆ ಹಾಕಂಗಿಲ್ಲ! ಮೂರು ತಲೆಮಾರು ಕತ್ರಿ ಹಿಡಿದ ಮನೆತನ!" ಹುಡುಗ ಅಂಗಿಯ ಕಾಲರಿನ ಹಿಂದಿನಿಂದ ಸೂಜಿ ತೆಗೆದ, ಸೂಜಿ ಇಲ್ಲದೆ ಅವರು ಮನೆಯಿಂದ ಹೊರಡುವವರಲ್ಲ. ಆದರೆ ದಾರ? ಅವ್ವನ ಬ್ಯಾಗಿನಲ್ಲಿಲ್ಲ, ಅಪ್ಪನ ಜೇಬಿನಲ್ಲಿಲ್ಲ. ಮನೆ ತುಂಬ ದಾರದ ಉಂಡೆ ಇಟ್ಟುಕೊಂಡವರ ಹತ್ತಿರ ಒಂದು ಮೊಳ ದಾರವಿಲ್ಲ. ನಾನೋ, ಮನೆ ತುಂಬ ರೇಷ್ಮೆ ಹುಳ ಸಾಕಿದವಳು, ನನ್ನ ಹತ್ತಿರವೂ ಇಲ್ಲ. ಕೆಟ್ಟುಹೋದ ದುಪ್ಟಿಯನ್ನು ಎತ್ತಿ ಅವನತ್ತ ಎಸೆದೆ. ಅವನು ಅದನ್ನು ಲುಂಗಿಯ ಹಾಗೆ ಸುತ್ತಿ, ಗಂಟು ಹಾಕಿ, ಗಂಟಿನ ಮೇಲೆ ಇನ್ನೊಂದು ಗಂಟು ಹಾಕಿದ.

"ಇದು ಮಾತ್ರ ಲಾಕ್ ಆತು" ಎಂದರು ಅವ್ವ. ಎಲ್ಲರಿಗೂ ನಗುವಿನ ಹುಚ್ಚು ಹಿಡಿಯಿತು. ಕುರ್ಚಿಯಲ್ಲಿ ಕಾಲು ನೀವಿಕೊಳ್ಳುತ್ತಿದ್ದ ಮಾವನೂ ಮೀಸೆ ಅಡಿಯಲ್ಲಿ ನಕ್ಕ.

ಮೂರನೆಯದು, ನಾಲ್ಕನೆಯದು ಬಂದವು. ಐದನೆಯದು ಜಪ್ಪಯ್ಯ ಅನ್ನಲಿಲ್ಲ. ಹುಡುಗ ಒತ್ತಿದ, ಅಪ್ಪನೂ ಸೇರಿದ, ಕುಂಟುತ್ತ ಮಾವನೂ ಬಂದ. ಊಹೂಂ. "ಇದು ನಾನು ಹತ್ತಿ ನಿಂತಿದ್ದ ನಟ್ಟು" ಎಂದರು ಅವ್ವ, ಹೆಮ್ಮೆಯಿಂದಲೇ. ಸೆರಗು ಸೊಂಟಕ್ಕೆ ಸಿಕ್ಕಿಸಿ, "ಬಾ ಯವ್ವ, ನೀನೂ ಬಾ. ಗಂಡಸ್ರ ಕೈಲೆ ಆಗಂಗಿಲ್ಲ" ಎಂದು ನನ್ನ ಕೈ ಹಿಡಿದರು. ಹುಡುಗ ನೆಲದಲ್ಲಿ ಕೂತು ಪಾನಾ ಜಾರದಂತೆ ನಟ್ಟಿಗೆ ಒತ್ತಿ ಹಿಡಿದ. ಮಾವನೂ ಅಪ್ಪನೂ ಗಾಡಿಗೆ ಆತುಕೊಂಡರು. ನಾವಿಬ್ಬರು ಹೆಂಗಸರು ಪೈಪಿನ ತುದಿ ಹತ್ತಿ, ಬೀಳದ ಹಾಗೆ ಒಬ್ಬರ ಭುಜ ಒಬ್ಬರು ಹಿಡಿದು ನಿಂತೆವು.

"ಜಿಗಿಯಾನ?" ಎಂದರು ಅವ್ವ.

"ಜಿಗಿಯಾಣ!" ಎಂದೆ.

ಜಿಗಿದೆವು. ಪೈಪು ಬಾಗಿತು, ನಟ್ಟು ಕಿರುಚಿತು, ನಾವಿಬ್ಬರೂ ಕಿರುಚಿದೆವು, ನೆಲಕ್ಕೆ ಬಿದ್ದೆವು. ಅವರ ಮೇಲೆ ನಾನು, ನನ್ನ ಮೇಲೆ ಅವರ ಸೆರಗು. ಮಣ್ಣಲ್ಲಿ ಮಲಗಿಕೊಂಡೇ ಹೊಟ್ಟೆ ಹಿಡಿದು ನಕ್ಕೆವು. ಆಕಾಶ ನೀಲಿಯಾಗಿತ್ತು, ನನ್ನ ಬಾಯಲ್ಲಿ ಮಣ್ಣಿತ್ತು, ಜೀವಮಾನದಲ್ಲಿ ಅಷ್ಟು ಖುಷಿ ನನಗೆ ಯಾವತ್ತೂ ಆಗಿರಲಿಲ್ಲ. ಹುಡುಗ ಐದನೇ ನಟ್ಟನ್ನು ಬೆರಳಲ್ಲಿ ತಿರುಗಿಸಿ ತೆಗೆದು, ಅಂಗೈ ಮೇಲಿಟ್ಟು, "ಬಂದ್ರಲ್ಲ! ಭಾಳ ಉಪಕಾರಾತ್ರಿ" ಎಂದ.

ಅವರು ಸ್ಟೆಪ್ನಿ ಹಾಕುತ್ತಿದ್ದಂತೆ ಸೊಪ್ಪನ್ನು ಹಗ್ಗದಿಂದ ಬಿಗಿದು ತಲೆ ಮೇಲೆ ಹೊತ್ತು ಬದುವಿನ ದಾರಿಯಲ್ಲಿ ಓಡಿದೆ. ಅಮ್ಮ ಬಾಗಿಲಲ್ಲೇ ಮೂಗು ಹಿಡಿದಳು. "ಏನೇ ಇದು ಡೀಸೆಲ್ ವಾಸ್ನೆ! ಹುಳದ ಮನೆ ಕಡೆ ಕಾಲಿಟ್ಟೀಯಾ ಜ್ವಾಕೆ." ಸೊಪ್ಪು ಇಳಿಸಿಕೊಂಡು ನನ್ನನ್ನು ಬಚ್ಚಲಿಗೆ ನೂಕಿದಳು. ಸೋಪು ಸವೆಯುವಷ್ಟು ಉಜ್ಜಿದೆ. ಸೀರೆ ಉಡುತ್ತಿದ್ದಾಗ ಗಾಡಿ ಬಂದ ಸದ್ದಾಯಿತು. ರಾಹುಕಾಲಕ್ಕೆ ಇನ್ನೂ ಸ್ವಲ್ಪ ಹೊತ್ತಿತ್ತು.

ಕಿಟಕಿಯ ಸಂದಿಯಲ್ಲಿ ನೋಡಿದೆ. ಮಾವ ಬರಿಗಾಲಲ್ಲಿ ಕುಂಟುತ್ತಿದ್ದ. ಹುಡುಗನ ಅಪ್ಪನ ಹಿಂಬದಿಗೆ ಮೋಸಂಬಿ ರಸ ಅಂಟಿತ್ತು. ಅವ್ವನ ರೇಷ್ಮೆ ಸೀರೆಯ ತುಂಬ ಮಣ್ಣು. ಹುಡುಗ ಇಸ್ತ್ರಿ ಅಂಗಿಯ ಕೆಳಗೆ ಸೊಪ್ಪಿನ ಕಲೆಯ ದುಪ್ಟಿ ಸುತ್ತಿಕೊಂಡು, ಗಂಟನ್ನು ಒಂದು ಕೈಯಲ್ಲಿ ಹಿಡಿದು, ಇನ್ನೊಂದರಲ್ಲಿ ನಮಸ್ಕಾರ ಮಾಡಿದ. ನಮ್ಮಪ್ಪನ ಬಾಯಿ ತೆರೆದದ್ದು ಮುಚ್ಚಲಿಲ್ಲ. ಅಮ್ಮ ಮಾತ್ರ ದುಪ್ಟಿಯನ್ನೇ ನೋಡುತ್ತ, "ಈ ದುಪ್ಟಿ ನಮ್ದಿದ್ದಂಗೈತಲ್ಲ?" ಎಂದಳು.

"ಇರಬೌದ್ರಿ" ಎಂದ ಹುಡುಗ. "ದಾರ್‍ಯಾಗ ಒಬ್ರು ಪುಣ್ಯಾತ್ಗಿತ್ತಿ ಕೊಟ್ರು."

ಕಾಫಿ ತಟ್ಟೆ ಹಿಡಿದು ಬಂದೆ. ತಲೆ ಬಗ್ಗಿಸಿಯೇ ಬಂದೆ, ನಗು ತಡೆಯುವುದಕ್ಕೆ ಅದೇ ಅನುಕೂಲ. ಹೆಬ್ಬೆರಳು ಕಂಡಿತು, ಮಣ್ಣು ಮೆತ್ತಿತ್ತು. ಲೋಟ ಎತ್ತಿಕೊಳ್ಳಲು ಬಂದ ಕೈ ತಟ್ಟೆ ಹಿಡಿದ ನನ್ನ ಬೆರಳುಗಳನ್ನು ನೋಡಿ ನಿಂತಿತು. ಎಷ್ಟು ಉಜ್ಜಿದರೂ ಉಗುರಿನ ಸಂದಿಯ ಕಪ್ಪು ಹೋಗಿರಲಿಲ್ಲ. ನಾನು ತಲೆ ಎತ್ತಿದೆ. ಅವನು ಲೋಟ ಹಿಡಿದುಕೊಂಡು ಕುಡಿಯುವುದನ್ನು ಮರೆತ. ಅವನ ಅವ್ವ ಗೊಳ್ಳೆಂದು ನಕ್ಕು, "ಎಲಾ ಇವಳ! ಬಾಯಿ ಜೋರು, ಚಪಾತಿ ನೋಡಿದ್ರ ಅಳಬೇಕು, ಹೌದಲ್ಲೇನವ್ವ?" ಎಂದರು.

ಅವರಿಗೆ ಆಶ್ಚರ್ಯವೇ ಆಗಿರಲಿಲ್ಲ. ಆಮೇಲೆ ರಾಯದುರ್ಗದಲ್ಲಿ ಒಂದು ದಿನ ಕೇಳಿದೆ, ಯಾವಾಗ ಗೊತ್ತಾಯಿತು ಅತ್ತೆ ಎಂದು. ಗುಂಡಿಗೆ ಕಾಜಾ ಹೊಲಿಯುತ್ತ ಹೇಳಿದರು: "ಪೈಪಿನ ಮ್ಯಾಲ ಭುಜ ಹಿಡಿದಾಗನ. ಫೋಟೋದವ ಮುಖ ಬೆಳ್ಳಗ ಮಾಡಬೌದು, ಭುಜ ಬ್ಯಾರೆ ಮಾಡಾಕ ಬರಂಗಿಲ್ಲ. ಒಂದು ಎತ್ರ, ಒಂದು ತಗ್ಗು ಇಲ್ಲದ ನೆಟ್ಟನ್ನ ಭುಜ. ಹಂಗ ಇರ್ಲಿ ಅಂತ ಅನ್ಕೊಂಡೆ."

ಆದರೆ ಅದು ಆಮೇಲಿನ ಮಾತು. ಅವತ್ತು ಅಪ್ಪ ನನ್ನನ್ನು ಒಳಗೆ ಕರೆದ. ಅಮ್ಮ ಬಾಗಿಲಿಗೆ ಆತು ನಿಂತಿದ್ದಳು. ಅಪ್ಪನಿಗೆ ನಾನು ಬೇಡವೆನ್ನುತ್ತೇನೆಂದು ಖಾತ್ರಿಯಾಗಿತ್ತು. ದುಪ್ಟಿ ಸುತ್ತಿಕೊಂಡು ಹೆಣ್ಣು ನೋಡಲು ಬಂದವನಿಗೆ ಯಾರು 'ಊ' ಅನ್ನುತ್ತಾರೆ? "ಏನಂತೀಯವ್ವ? ಮನಸಿಲ್ದಿದ್ರೆ ಯೋಳ್ಬಿಡು, ನಾನೇ ಕಳಿಸ್ತೀನಿ."

"ಊ ಅಂತೀನಪ್ಪ."

"ಅದೇನ್ ನೋಡಿ ಊ ಅಂತೀಯೇ?"

ನಾನು ಹೇಳಬೇಕೆಂದುಕೊಂಡಿರಲಿಲ್ಲ. ಬಾಯಿ ಜೋರು ಅನ್ನುವುದು ಸುಳ್ಳಲ್ಲವಲ್ಲ, ಬಂದುಬಿಟ್ಟಿತು. "ಗಾಡಿ ನಟ್ಟು ಬರ್ಲಿಲ್ಲ ಅಂತ ಗಾಡಿಗೆ ಒದೀಲಿಲ್ಲ ಕಣಪ್ಪ. ಬರ್ರಿ, ಹೊತ್ತಾತು ಅಂತ ನಟ್ಟನ್ನೇ ಕರೆದ."

ಅಮ್ಮ ನನ್ನನ್ನೇ ನೋಡಿದಳು. ಹೊರಗೆ ಅತ್ತೆಯ ನಗು ಕೇಳುತ್ತಿತ್ತು. ಅಪ್ಪ ತನ್ನ ಬಲಗಾಲನ್ನು ಒಂದು ಸಲ ನೋಡಿಕೊಂಡು, ಹೊರಗೆ ಹೋಗಿ, ಅವರಿಗೆ ಒಪ್ಪಿಗೆ ತಿಳಿಸಿದ.

ಮಾರನೇ ಬೆಳಿಗ್ಗೆ ತೊಟ್ಟಿಯ ಮೋಟಾರ್ ಸ್ಟಾರ್ಟ್ ಆಗಲಿಲ್ಲ. ನಾನೂ ಅಮ್ಮನೂ ಸೊಪ್ಪು ಕೊಯ್ಯುತ್ತಿದ್ದೆವು. ಅಪ್ಪ ಸ್ವಿಚ್ ಒತ್ತಿದ, ಮತ್ತೆ ಒತ್ತಿದ, ಬಲಗಾಲು ಹಿಂದಕ್ಕೆ ಹೋಯಿತು. ಅಮ್ಮನ ಭುಜ ಮೇಲಕ್ಕೆ ಹೊರಟವು. ಅಪ್ಪ ಅಲ್ಲೇ ನಿಂತು ನಮ್ಮ ಕಡೆ ನೋಡಿದ. ಕಾಲು ಕೆಳಗಿಟ್ಟ. ಮೋಟಾರಿನ ಮುಂದೆ ಕುಕ್ಕರುಗಾಲಲ್ಲಿ ಕೂತು, ಯಾರಿಗೂ ಕೇಳಿಸಬಾರದೆಂದು ಗೊಣಗಿದ, ನಮಗೆ ಕೇಳಿಸಿತು:

"ಬರ್ರಿ ಸ್ವಾಮಿ... ಒತ್ತಾಯ್ತು."

ಅಮ್ಮ ಕುಡುಗೋಲು ಕೆಳಗಿಟ್ಟು, ಬಾಯಿಗೆ ಸೆರಗು ತುರುಕಿಕೊಂಡು, ಭುಜ ಕುಲುಕಿಸುತ್ತ ನಕ್ಕಳು.